ಕ್ಯಾರವಾನ್ ಬರಲಿ, ಅದರ ಕಕ್ಕಸಿನ ನೀರು ಕೆರೆಗೆ ಬೇಡ

ಮಾನ್ಯ ಸಂಪಾದಕರೇ,

ಶನಿವಾರ ಬಂತೆಂದರೆ ದೇವರಾಯನದುರ್ಗದ ದಾರಿಯಲ್ಲಿ, ಕೊರಟಗೆರೆಯ ತೀತಾ ಜಲಾಶಯದ ಕಡೆ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಹತ್ತಿರ ಬೆಂಗಳೂರಿನ ಬಾಡಿಗೆ ಕ್ಯಾರವಾನ್‌ಗಳು ಕಣ್ಣಿಗೆ ಬೀಳುತ್ತವೆ. ಹಾಸಿಗೆ, ಒಲೆ, ಫ್ರಿಜ್ಜು, ಕಕ್ಕಸು ಎಲ್ಲವನ್ನೂ ಹೊತ್ತ ಮಿನಿಬಸ್ಸುಗಳವು. ಬರಬಾರದು ಎನ್ನುವವರಲ್ಲ ನಾವು. ಇಂಥ ಗಾಡಿಗಳಿಗೆ ಬಾಡಿ ಕಟ್ಟಿ, ಓಡಿಸಿ, ರಿಪೇರಿ ಮಾಡಿ ಬದುಕುತ್ತಿರುವವರೇ ನಾವು. ಆದರೆ ಗಾಡಿಯನ್ನು ಎಲ್ಲಿ ನಿಲ್ಲಿಸಿದರೆ ಸೂರ್ಯಾಸ್ತ ಚೆನ್ನಾಗಿ ಕಾಣುತ್ತದೆ ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಗಾಡಿಯ ಹೊಟ್ಟೆಯನ್ನು ಎಲ್ಲಿ ಖಾಲಿ ಮಾಡಬೇಕು ಎಂದು ಕೇಳಿ ನೋಡಿ, ಯಾರೂ ಬಾಯಿ ಬಿಡುವುದಿಲ್ಲ. ಮೊದಲು ಆಗಬೇಕಾದದ್ದು ಆ ವ್ಯವಸ್ಥೆ.

ಗಾಡಿಯೊಳಗೆ ನೀರಿನ ಟ್ಯಾಂಕು ಒಂದಲ್ಲ, ಮೂರು. ಒಂದರಲ್ಲಿ ಬಳಸುವ ಶುದ್ಧ ನೀರು. ಇನ್ನೊಂದರಲ್ಲಿ ಪಾತ್ರೆ ತೊಳೆದ, ಸ್ನಾನ ಮಾಡಿದ ಬಚ್ಚಲು ನೀರು. ಮೂರನೆಯದು ಮಲದ ಟ್ಯಾಂಕು, ಇಲ್ಲವೇ ಹೊರಗಿನಿಂದ ಬಾಗಿಲು ತೆಗೆದು ಸೂಟ್‌ಕೇಸಿನಂತೆ ಎಳೆದುಕೊಳ್ಳುವ ಕ್ಯಾಸೆಟ್. ಕ್ಯಾಸೆಟ್ಟಿಗೆ ಹಿಡಿಸುವುದು 17–20 ಲೀಟರ್ ಮಾತ್ರ. ನಾಲ್ಕು ಜನರ ಕುಟುಂಬಕ್ಕೆ ಹೆಚ್ಚೆಂದರೆ ಎರಡು ದಿನ. ನಮ್ಮವರು ಮಗ್ಗಿನಲ್ಲಿ ನೀರು ಹಾಕಿ ತೊಳೆದರೆ ಒಂದೇ ದಿನಕ್ಕೆ ತುಂಬಿ ಕೆಂಪು ಗುರುತು ಮೇಲೆ ಬರುತ್ತದೆ. ಭಾನುವಾರ ಸಂಜೆ ಆ ತುಂಬಿದ ಕ್ಯಾಸೆಟ್ ಎಲ್ಲಿಗೆ ಹೋಗುತ್ತದೆ? ರಸ್ತೆ ಬದಿಯ ಮೋರಿಗೆ, ಕೆರೆಯ ಹಿನ್ನೀರಿಗೆ, ಇಲ್ಲವೇ ಯಾವುದೋ ತೋಟದ ಬದುವಿಗೆ.

ಬಚ್ಚಲು ನೀರಿನ ವಿಷಯದಲ್ಲಿ ನಮ್ಮ ಕಸುಬಿನವರ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಜಾಗ ಉಳಿಸಲು 100 ಲೀಟರ್ ಶುದ್ಧ ನೀರಿನ ಟ್ಯಾಂಕಿಗೆ 40 ಲೀಟರಿನ ಬಚ್ಚಲು ಟ್ಯಾಂಕು ಕೂರಿಸಿಬಿಡುತ್ತಾರೆ. ಒಳಗೆ ಹೋದ ನೀರು ಹೊರಗೆ ಬರಲೇಬೇಕಲ್ಲ? ಇಬ್ಬರ ಸ್ನಾನಕ್ಕೇ ಟ್ಯಾಂಕು ತುಂಬಿ, ಬಚ್ಚಲ ತೂತಿನಿಂದ ನೀರು ಹಿಂದಕ್ಕೆ ಉಕ್ಕುತ್ತದೆ. ಆಗ ಚಾಲಕ ಕೆಳಗಿನ ವಾಲ್ವನ್ನು ಅರ್ಧ ತೆರೆದಿಟ್ಟು ಗಾಡಿ ಓಡಿಸುತ್ತಾನೆ, ದಾರಿಯುದ್ದಕ್ಕೂ ಸೋಪಿನ ನೀರು. ಎರಡೂ ಟ್ಯಾಂಕು ಸಮ ಅಳತೆಯವು ಇರಬೇಕು. ಬಾಡಿಗೆಗೆ ಹಿಡಿಯುವವರು ಟಿ.ವಿ. ಎಷ್ಟು ಇಂಚು ಎಂದು ಕೇಳುವ ಮೊದಲು ಇದನ್ನು ಕೇಳಲಿ.

ಖಾಲಿ ಮಾಡುವ ಜಾಗ ಕಟ್ಟುವುದು ದೊಡ್ಡ ಎಂಜಿನಿಯರಿಂಗ್ ಏನಲ್ಲ. 12 ಅಡಿಗೆ 10 ಅಡಿಯ ಕಾಂಕ್ರೀಟ್ ಹಾಸು, ನಾಲ್ಕೂ ಕಡೆಯಿಂದ ನಡುವಿಗೆ ಇಳಿಜಾರು. ನಡುವೆ ವಾಸನೆ ತಡೆಯುವ ಟ್ರ್ಯಾಪ್ ಇರುವ 4 ಇಂಚಿನ ಪೈಪು, ಅದಕ್ಕೆ ಕಾಲಿನಿಂದ ತುಳಿದು ತೆರೆಯುವ ಮುಚ್ಚಳ. ಪಕ್ಕದಲ್ಲಿ ತೊಳೆಯಲು ಹೋಸ್ ಪೈಪಿನ ನಲ್ಲಿ. ಪೇಟೆಯೊಳಗಾದರೆ ಒಳಚರಂಡಿಯ ಮ್ಯಾನ್‌ಹೋಲಿಗೆ ಜೋಡಿಸಿದರೆ ಮುಗಿಯಿತು. ತುಮಕೂರಿನ ಒಳಚರಂಡಿ ನೀರಿಗೆ ಭೀಮಸಂದ್ರದಲ್ಲಿ ಶುದ್ಧೀಕರಣ ಘಟಕ ಇದ್ದೇ ಇದೆ. ಹಳ್ಳಿಯ ಕಡೆಯಾದರೆ ಎರಡು ಕೋಣೆಯ ಸೆಪ್ಟಿಕ್ ಟ್ಯಾಂಕು ಕಟ್ಟಿ, ತುಂಬಿದಾಗ ಸಕ್ಕಿಂಗ್ ಲಾರಿ ಕರೆಸಬೇಕು. ಚಿಕ್ಕಬಳ್ಳಾಪುರದ ಮಗ್ಗುಲಲ್ಲೇ ಇರುವ ದೇವನಹಳ್ಳಿಯಲ್ಲಿ 2015ರಿಂದಲೇ ಮಲದ ಕೆಸರು ಸಂಸ್ಕರಿಸುವ ಘಟಕವಿದೆ. ಹಾಗಾಗಿ ದಾರಿ ಗೊತ್ತಿಲ್ಲ ಎನ್ನುವ ನೆಪ ನಡೆಯದು.

ಖಾಲಿ ಮಾಡುವುದಕ್ಕೂ ಒಂದು ಕ್ರಮ ಇದೆ. ಕೈಗವಸು ಹಾಕಿ ಮೊದಲು ಮಲದ ಟ್ಯಾಂಕು, ಆಮೇಲೆ ಬಚ್ಚಲು ಟ್ಯಾಂಕು. ಸೋಪಿನ ನೀರು ಹಿಂದಿನಿಂದ ಹರಿದಾಗ ಪೈಪು ತಾನೇ ತೊಳೆದುಕೊಳ್ಳುತ್ತದೆ. ಟ್ಯಾಂಕು ಮುಕ್ಕಾಲು ತುಂಬುವ ತನಕ ವಾಲ್ವು ತೆರೆಯಬಾರದು. ಪೈಪು ಜೋಡಿಸಿದ್ದೇವಲ್ಲ ಎಂದು ವಾಲ್ವನ್ನು ತೆರೆದೇ ಇಟ್ಟರೆ ನೀರೆಲ್ಲ ಜಾರಿಹೋಗಿ ಗಟ್ಟಿ ಮಾತ್ರ ಒಳಗೆ ಗುಡ್ಡೆ ಬೀಳುತ್ತದೆ. ಒಣಗಿದ ಮೇಲೆ ಅದನ್ನು ತೆಗೆಯುವ ಕೆಲಸ ಯಾವ ಶತ್ರುವಿಗೂ ಬೇಡ. ಖಾಲಿಯಾದ ಟ್ಯಾಂಕಿಗೆ ಎರಡು ಮೂರು ಲೀಟರ್ ನೀರು ಬಿಟ್ಟೇ ಮುಂದಿನ ಬಳಕೆ. ವಾಸನೆಗೆಂದು ಫಿನಾಯಿಲು, ಬಚ್ಚಲು ತೊಳೆಯುವ ಆಸಿಡ್ ಸುರಿಯುವವರು ಬಹಳ. ಆಸಿಡ್ ರಬ್ಬರ್ ಸೀಲು ತಿನ್ನುತ್ತದೆ. ಫಿನಾಯಿಲು, ಫಾರ್ಮಾಲ್ಡಿಹೈಡ್ ಇರುವ ನೀಲಿ ದ್ರಾವಣ ಇವು ಸೆಪ್ಟಿಕ್ ಟ್ಯಾಂಕಿನಲ್ಲಿ ಮಲ ಕರಗಿಸುವ ಬ್ಯಾಕ್ಟೀರಿಯಾಗಳನ್ನೇ ಕೊಲ್ಲುತ್ತವೆ. ಫಾರ್ಮಾಲ್ಡಿಹೈಡ್ ಇಲ್ಲದ ದ್ರಾವಣಗಳೂ ಸಿಗುತ್ತವೆ, ಅವನ್ನೇ ಕೊಳ್ಳಬೇಕು.

ತುಂಬಿಸುವ ನೀರಿನ ಬಗ್ಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಈ ಮೂರು ಜಿಲ್ಲೆಯಲ್ಲಿ ವಿಶೇಷ ಎಚ್ಚರ ಬೇಕು. ಕೋಲಾರದ ಕೆರೆ ತುಂಬಿದೆ, ನೀರು ತಿಳಿಯಾಗಿದೆ ಎಂದು ಪಂಪು ಇಳಿಬಿಟ್ಟು ಟ್ಯಾಂಕು ತುಂಬಿಸಿಕೊಳ್ಳುವಂತಿಲ್ಲ. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ) ಯೋಜನೆಯಲ್ಲಿ ಆ ಕೆರೆಗಳಿಗೆ ಬರುತ್ತಿರುವುದು ಬೆಂಗಳೂರಿನ ಎರಡು ಹಂತ ಸಂಸ್ಕರಿಸಿದ ಕೊಳಚೆ ನೀರು. ಎಚ್.ಎನ್. (ಹೆಬ್ಬಾಳ–ನಾಗವಾರ) ವ್ಯಾಲಿಯ ಹೆಸರಲ್ಲಿ ಚಿಕ್ಕಬಳ್ಳಾಪುರದ ಕೆರೆಗಳಿಗೂ ಅಂಥದೇ ನೀರು. ಅಂತರ್ಜಲ ಏರಲಿ ಎಂದು ಬಿಟ್ಟ ನೀರದು, ಬಾಯಿಗೆ ಹಾಕಿಕೊಳ್ಳಲು ಅಲ್ಲ. ಕೊಳವೆಬಾವಿ ನೀರಾದರೆ ಪಾವಗಡ, ಸಿರಾ, ಬಾಗೇಪಲ್ಲಿ, ಮುಳಬಾಗಿಲು ಕಡೆ ಫ್ಲೋರೈಡ್ ಕಾಟ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಗಾಡಿಯಲ್ಲಿರುವ, ರೋಗಾಣು ಕೊಲ್ಲುವ ಯು.ವಿ. ಫಿಲ್ಟರಿಗೂ ಅದು ಜಗ್ಗದು. ಸ್ನಾನಕ್ಕೆ ಕೊಳವೆಬಾವಿ ನೀರು, ಕುಡಿಯಲು ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಹಿಡಿದ 20 ಲೀಟರಿನ ಕ್ಯಾನು, ಇಷ್ಟು ಮಾಡಿಕೊಂಡರೆ ಸಾಕು. ಟ್ಯಾಂಕನ್ನು ಬೆಂಗಳೂರಿನಲ್ಲೇ ತುಂಬಿ ಹೊರಡುವುದೂ ಬೇಡ. ಒಂದು ಲೀಟರಿಗೆ ಒಂದು ಕೆ.ಜಿ. ಹಿಂದಿನ ಆಕ್ಸಲಿನಾಚೆ 150 ಕೆ.ಜಿ. ಕೂತರೆ ಮುಂದಿನ ಚಕ್ರ ಹಗುರಾಗಿ ಸ್ಟಿಯರಿಂಗ್ ತೇಲುತ್ತದೆ.

ಇನ್ನು ಕರೆಂಟು. 'ರಾತ್ರಿಯಿಡೀ ಬ್ಯಾಟರಿಯಲ್ಲೇ ಎಸಿ' ಎಂಬ ಜಾಹೀರಾತು ನಂಬುವ ಮೊದಲು ಒಂದು ಗುಣಾಕಾರ ಮಾಡಿ. 12.8 ವೋಲ್ಟಿನ 200 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ ಇರುವುದು 2,560 ವ್ಯಾಟ್-ಅವರ್, ಅಂದರೆ ಎರಡೂವರೆ ಯೂನಿಟ್. ಒಂದೂವರೆ ಟನ್ ಎಸಿ ಗಂಟೆಗೆ ಸುಮಾರು ಒಂದೂವರೆ ಯೂನಿಟ್ ನುಂಗುತ್ತದೆ. ಇನ್ವರ್ಟರಿನ ನಷ್ಟ ಕಳೆದರೆ ಒಂದೂವರೆ ಗಂಟೆಯೊಳಗೆ ಆಟ ಮುಗಿಯಿತು. ಅದೇ ಬ್ಯಾಟರಿಯಲ್ಲಿ 25 ವ್ಯಾಟಿನ ಫ್ಯಾನು ಹತ್ತು ಗಂಟೆ ತಿರುಗಿದರೂ ಹೋಗುವುದು ಹತ್ತನೇ ಒಂದು ಭಾಗ. ದೇವರಾಯನದುರ್ಗದ ಮೇಲಿನ ರಾತ್ರಿಗೆ ಎಸಿ ಯಾಕೆ ಬೇಕೋ ನಮಗೆ ಅರ್ಥವಾಗಿಲ್ಲ. ಸೊಳ್ಳೆ ಪರದೆ ಎಳೆದು ಕಿಟಕಿ ತೆರೆದರೆ ಆಯಿತು. ಎಸಿ ಬೇಕೇ ಬೇಕೆಂದರೆ ನಿಲ್ಲಿಸುವ ಜಾಗದಲ್ಲಿ 16 ಆಂಪಿನ ಸಾಕೆಟ್, ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ, ಸರಿಯಾದ ಅರ್ತಿಂಗ್ ಗುಂಡಿ ಇರಬೇಕು. ಲೋಹದ ಗಾಡಿ ರಬ್ಬರ್ ಟಯರಿನ ಮೇಲೆ ನಿಂತಿರುತ್ತದೆ. ಅರ್ತಿಂಗ್ ಇಲ್ಲದೆ ಕರೆಂಟು ಗಾಡಿಯ ಮೈಗೆ ಸೋರಿದರೆ, ಒದ್ದೆ ನೆಲದ ಮೇಲೆ ನಿಂತು ಬಾಗಿಲಿನ ಹಿಡಿ ಮುಟ್ಟಿದವನೇ ಅದಕ್ಕೆ ದಾರಿ.

ತೋಟದ ಪಂಪ್‌ಮನೆಯಿಂದ ತಂತಿ ಎಳೆದುಕೊಡುವ ಉಪಕಾರಿಗಳೂ ಇದ್ದಾರೆ. ಅದು ನೀರಾವರಿಗೆಂದು ಕೊಟ್ಟ ಸಂಪರ್ಕ, ಬೇರೆ ಬಳಕೆ ಅಪರಾಧ. ಅದಕ್ಕಿಂತ ಮುಖ್ಯವಾಗಿ, ಅದು ತ್ರೀ ಫೇಸ್. ನ್ಯೂಟ್ರಲ್ ಎಂದುಕೊಂಡು ಎರಡು ಫೇಸಿಗೆ ಸಿಕ್ಕಿಸಿದರೆ 400 ವೋಲ್ಟ್ ನುಗ್ಗಿ ಚಾರ್ಜರು, ಫ್ರಿಜ್ಜು ಒಟ್ಟಿಗೇ ಸುಡುತ್ತವೆ. ಎಕ್ಸ್‌ಟೆನ್ಷನ್ ವೈರನ್ನು ರೀಲಿನಿಂದ ಪೂರ್ತಿ ಬಿಚ್ಚಿ ಹಾಸಬೇಕು, ಸುತ್ತಿದ್ದಂತೆಯೇ ಇಟ್ಟು ಎಸಿ ಓಡಿಸಿದರೆ ಒಳಸುತ್ತು ಕಾದು ಕರಗುತ್ತದೆ. ಎರಡೂವರೆ ಚದರ ಮಿ.ಮೀ.ನ ವೈರು 50 ಮೀಟರ್ ಎಳೆದು 13 ಆಂಪ್ ಹರಿಸಿದರೆ ಸುಮಾರು 10 ವೋಲ್ಟ್ ದಾರಿಯಲ್ಲೇ ಬಿದ್ದುಹೋಗುತ್ತದೆ. ಹಳ್ಳಿಯಲ್ಲಿ ಸಂಜೆ ಮೊದಲೇ 190 ವೋಲ್ಟ್ ಇದ್ದರೆ ಕಂಪ್ರೆಸರ್ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ.

ಗ್ಯಾಸಿನ ವಿಚಾರ ಚಿಕ್ಕದು, ಆದರೆ ಜೀವದ್ದು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ. ಸಿಲಿಂಡರಿನ ಗೂಡಿಗೆ ತಳದಲ್ಲಿ ಹೊರಕ್ಕೆ ತೂತು ಇರಬೇಕು, ಗಾಡಿಯೊಳಕ್ಕೆ ಒಂದು ಬಿರುಕೂ ಇರಕೂಡದು. ಚಳಿಯೆಂದು ಇದ್ದಿಲ ಅಗ್ಗಿಷ್ಟಿಕೆ ಒಳಗಿಟ್ಟು ಬಾಗಿಲು ಹಾಕಿಕೊಂಡರೆ ಅದರಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ, ಮಲಗಿದವರು ಏಳುವುದಿಲ್ಲ. ಅದೇ ಕಾರಣಕ್ಕೆ, ಬಚ್ಚಲಲ್ಲಿ ಗ್ಯಾಸ್ ಗೀಸರ್ ಕೂರಿಸಿಕೊಡಿ ಎನ್ನುವ ಗಿರಾಕಿಗಳನ್ನು ನಾವು ವಾಪಸು ಕಳಿಸುತ್ತೇವೆ.

ಎಲ್ಲಿ ನಿಲ್ಲಿಸಬಾರದು ಎಂಬುದನ್ನು ಜಿಲ್ಲಾಡಳಿತ ಬೋರ್ಡು ಹಾಕಿ ಹೇಳಬೇಕು. ಕೆರೆ ಏರಿಯ ಮೇಲೆ ಬೇಡ. ನೀರು ತಡೆಯಲು ಕಟ್ಟಿದ ಮಣ್ಣದು, ನಾಲ್ಕು ಟನ್ ಗಾಡಿಗಳು ರಾತ್ರಿಯಿಡೀ ಸಾಲುಗಟ್ಟಿ ನಿಲ್ಲಲು ಅಲ್ಲ. ಕೆರೆಯ ಅಂಗಳವೂ ಬೇಡ. ಬೇಸಿಗೆಯಲ್ಲಿ ಮೇಲೆ ಬಿರುಕುಬಿಟ್ಟು ಒಣಗಿದಂತೆ ಕಾಣುವ ಗೋಡು ಮಣ್ಣು ಒಂದು ಗೇಣು ಕೆಳಗೆ ಹಸಿ ಹಿಟ್ಟಿನಂತೆ ಇರುತ್ತದೆ. ಒಂದು ಕಬ್ಬಿಣದ ಸರಳು ಚುಚ್ಚಿ ನೋಡಿ, ಸಲೀಸಾಗಿ ಇಳಿದರೆ ಅಲ್ಲಿಂದಲೇ ಹಿಂದಿರುಗಿ. ಹೂತ ಮೇಲೆ ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಇಂಜಿನ್ ನಿಲ್ಲಿಸಿ, ಶುದ್ಧ ನೀರಿನ ಟ್ಯಾಂಕು ಮಾತ್ರ ಖಾಲಿ ಮಾಡಿ ಭಾರ ಇಳಿಸಿ, ಚಕ್ರದ ಮುಂದೆ ಮಣ್ಣು ಕೆದಕಿ ತೆಂಗಿನ ಗರಿ, ಗೋಣಿಚೀಲ ಹಾಸಿ. ಟ್ರ್ಯಾಕ್ಟರಿನ ಹಗ್ಗ ಕಟ್ಟಬೇಕಾದ್ದು ಚಾಸಿಗೆ. ಬಂಪರಿಗೆ ಕಟ್ಟಿದರೆ ಬಂಪರು ಮಾತ್ರ ದಡ ಸೇರುತ್ತದೆ.

ಕೋಡಿ ಹಳ್ಳ, ಜಲಾಶಯದ ಕೆಳಪಾತ್ರ ಇವೂ ಬೇಡ. ಈ ಭಾಗಕ್ಕೆ ಅಕ್ಟೋಬರ್ ಮಳೆಯೂ ದೊಡ್ಡದೇ, 2022ರಲ್ಲಿ ಎಷ್ಟು ಕೆರೆ ಕೋಡಿ ಬಿದ್ದವು ಎಂಬುದು ಓದುಗರಿಗೆ ನೆನಪಿರಬಹುದು. ಶಿಂಷಾ ನದಿಯ ಮಾರ್ಕೋನಹಳ್ಳಿಯಲ್ಲಿ ತಾನಾಗಿಯೇ ಕೆಲಸ ಮಾಡುವ ಸೈಫನ್‌ಗಳಿವೆ. ನೀರಿನ ಮಟ್ಟ ಮುಟ್ಟಿದ ಕೂಡಲೇ, ಯಾರೂ ಗೇಟು ಎತ್ತದೆ, ಹೊರಹರಿವು ಶುರು. ಕೆಳಗೆ ಟೆಂಟು ಹಾಕಿ ಮಲಗಿದವರಿಗೆ ಅದು ತಿಳಿದಿರಬೇಕಲ್ಲವೇ? ಬುಗುಡನಹಳ್ಳಿ ಕೆರೆಯ ಮಾತೇ ಬೇಡ, ತುಮಕೂರಿನ ಕುಡಿಯುವ ನೀರು ಅದು.

ಕಾಡಿನೊಳಗಂತೂ ಪ್ರಶ್ನೆಯೇ ಇಲ್ಲ. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ತಂಗುವುದು, ಬೆಂಕಿ ಹಾಕುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಫೆಬ್ರುವರಿಯಿಂದ ಮೊದಲ ಮಳೆ ಬೀಳುವ ತನಕ ದೇವರಾಯನದುರ್ಗದ ಹತ್ತಿರದ ನಾಮದ ಚಿಲುಮೆಯ ಸುತ್ತಲಿನ ಗುಡ್ಡಗಳಲ್ಲಿ ಹುಲ್ಲು ಎದೆಯುದ್ದ ಒಣಗಿ ನಿಂತಿರುತ್ತದೆ, ಬಾರ್ಬೆಕ್ಯೂವಿನ ಒಂದು ಕಿಡಿ ಸಾಕು. ಚಿರತೆ, ಕರಡಿ ಎರಡೂ ಇರುವ ಕಾಡು. ಕರಡಿಯ ಮೂಗು ಬಲು ಚುರುಕು. ಹಲಸಿನ ತೊಳೆ, ಬೆಲ್ಲ, ಎಣ್ಣೆ ಬಾಣಲೆ ಹೊರಗಿಟ್ಟು ಮಲಗುವುದು ಅದನ್ನು ಕರೆದಂತೆ. ಬಂಡೆಯಲ್ಲಿ ಹೆಜ್ಜೇನು ಕಟ್ಟಿರುವ ಕಡೆ ಹೊಗೆ ಹಾಕುವುದೂ ಅಂಥದೇ ಬುದ್ಧಿ.

ಹಾಗಾದರೆ ಎಲ್ಲಿ? ತೋಟಗಳಿವೆ, ಪೇಟೆ ಅಂಚಿನ ಸರ್ಕಾರಿ ಜಾಗಗಳಿವೆ, ಪ್ರವಾಸೋದ್ಯಮ ಇಲಾಖೆಯ ಕಟ್ಟಡಗಳ ಆವರಣಗಳಿವೆ. ಹತ್ತು ಗಾಡಿ ಹಿಡಿಯುವ, ಜಲ್ಲಿ ಹಾಸಿದ ಒಂದು ಜಾಗ ತುಮಕೂರು–ದೇವರಾಯನದುರ್ಗದ ನಡುವೆ, ಒಂದು ಕುಣಿಗಲ್ ಕಡೆ, ಒಂದು ನಂದಿಬೆಟ್ಟದ ಬುಡದಲ್ಲಿ ಆದರೆ ಸದ್ಯಕ್ಕೆ ಸಾಕು. ತೆಂಗಿನ ಮರದ ಬುಡದಲ್ಲಿ ಮಾತ್ರ ಗಾಡಿ ನಿಲ್ಲಿಸಬೇಡಿ. ನೆರಳು ಬಿದ್ದರೆ ಛಾವಣಿಯ ಸೋಲಾರ್ ಕೆಲಸ ಮಾಡುವುದಿಲ್ಲ, ಕಾಯಿ ಬಿದ್ದರೆ ಸೋಲಾರೇ ಇರುವುದಿಲ್ಲ. ಬೆಟ್ಟದ ಮೇಲಕ್ಕೆ ದೊಡ್ಡ ಗಾಡಿ ಹತ್ತಿಸುವ ಅಗತ್ಯವೂ ಇಲ್ಲ. 7,500 ಕೆ.ಜಿ.ವರೆಗಿನ ಗಾಡಿಗೆ ಲಘು ವಾಹನದ ಎಲ್‌ಎಂವಿ ಲೈಸೆನ್ಸ್ ಸಾಕೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ ನಿಜ, ಆದರೆ ಕಾರು ಓಡಿಸಿದ ಕೈಗೆ ಹಿಂಬದಿಯ ಮೈ ತಿರುವಿನಲ್ಲಿ ಹೊರಕ್ಕೆ ಬೀಸುವುದು ತಿಳಿದಿರುವುದಿಲ್ಲ. ಇಳಿಯುವಾಗ ಸೆಕೆಂಡ್ ಗೇರಿನಲ್ಲೇ ಬರಬೇಕು. ಬ್ರೇಕಿನಿಂದ ಸುಟ್ಟ ವಾಸನೆ ಬಂದರೆ ಬದಿಗೆ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಬೇಕು, ಬಿಸಿ ಡ್ರಮ್ಮಿಗೆ ನೀರು ಹುಯ್ಯಬಾರದು.

ಜಾಗ ಮಾಡುವವರಿಗೆ ಇನ್ನೊಂದು ಮಾತು. ಕುಡಿಯುವ ನೀರಿನ ನಲ್ಲಿಯನ್ನೂ ಕ್ಯಾಸೆಟ್ ತೊಳೆಯುವ ನಲ್ಲಿಯನ್ನೂ ಒಂದೇ ಗೋಡೆಗೆ ಹಾಕಬೇಡಿ. ನಡುವೆ ಇಪ್ಪತ್ತು ಹೆಜ್ಜೆಯಾದರೂ ಅಂತರವಿರಲಿ, ತೊಳೆಯುವ ನಲ್ಲಿಗೆ ಕೆಂಪು ಬಣ್ಣ ಬಳಿದು 'ಕುಡಿಯಲು ಅಲ್ಲ' ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಸಿ.

ಇತಿ,
ಕ್ಯಾರವಾನ್ ಬಾಡಿ ಕೆಲಸಗಾರರು ಮತ್ತು ಚಾಲಕರು
ಕ್ಯಾತಸಂದ್ರ, ತುಮಕೂರು