ಷೆವರ್ಲೆ 216ರ ಕ್ರ್ಯಾಂಕ್ ಕೊರೆಸುವ ಮುನ್ನ

ಮಾನ್ಯ ಸಂಪಾದಕರೇ,

ವಿಂಟೇಜ್ ಕಾರುಗಳ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಲೇಖನದಲ್ಲಿ, ಹಳೆಯ ಷೆವರ್ಲೆ ಎಂಜಿನ್‌ಗಳಿಗೆ ಪೂರ್ಣ ಒತ್ತಡದ ಆಯಿಲ್ ವ್ಯವಸ್ಥೆ (ಎಲ್ಲ ಬೇರಿಂಗ್‌ಗಳಿಗೂ ಪಂಪ್ ಒತ್ತಡದಲ್ಲೇ ಆಯಿಲ್ ತಲುಪಿಸುವ ಏರ್ಪಾಡು) ಮಾಡಿಸದಿದ್ದರೆ ಅವು ಇಂದಿನ ರಸ್ತೆಗೆ ಲಾಯಕ್ಕಲ್ಲ ಎಂಬ ಅರ್ಥದ ಮಾತು ಬಂದಿದೆ. ಇಂತಹ ಎಂಜಿನ್‌ಗಳನ್ನು ಬಿಚ್ಚಿ ಕಟ್ಟುವ ಕೆಲಸದವನಾದ ನನಗೆ ಈ ಮಾತಿಗೆ ತಕರಾರಿದೆ. ಮಾರ್ಪಾಡು ಮಾಡಲೇಬಾರದೆಂದು ನಾನು ಹೇಳುತ್ತಿಲ್ಲ. ಮೂಲ ವ್ಯವಸ್ಥೆಯನ್ನು ಒಮ್ಮೆಯೂ ಸರಿಯಾಗಿ ನೋಡದೆ, ಆಯಿಲ್ ದಾರಿಗಾಗಿ ಕ್ರ್ಯಾಂಕ್ (ಪಿಸ್ಟನ್‌ಗಳ ಬಲದಿಂದ ತಿರುಗುವ ಮುಖ್ಯ ದಂಡ) ಕೊರೆಸಲು ಹೊರಡುವುದು ಸಲ್ಲದು ಎಂಬುದಷ್ಟೇ ನನ್ನ ವಾದ.

ಲೇಖನ ಪ್ರಸ್ತಾಪಿಸಿದ್ದು 216 ಘನ ಅಂಗುಲದ, ಅಂದರೆ ಸುಮಾರು 3.5 ಲೀಟರಿನ, ಆರು ಸಿಲಿಂಡರ್ ಎಂಜಿನ್. 1937ರಲ್ಲಿ ಬಂದ ಈ ಎಂಜಿನ್ 1950ರ ದಶಕದ ಆರಂಭದವರೆಗೂ ಷೆವರ್ಲೆ ಕಾರುಗಳನ್ನು ಎಳೆಯಿತು. ಇದರಲ್ಲಿ ಆಯಿಲ್ ಪಂಪ್ ಇಲ್ಲವೆಂದು ಹಲವರು ತಿಳಿದಿದ್ದಾರೆ, ಅದು ತಪ್ಪು. ಕ್ರ್ಯಾಂಕನ್ನು ಹೊತ್ತ ಮೇನ್ ಬೇರಿಂಗ್‌ಗಳಿಗೂ ವಾಲ್ವ್‌ಗಳನ್ನು ನಡೆಸುವ ಕ್ಯಾಮ್‌ಶಾಫ್ಟಿನ ಬೇರಿಂಗ್‌ಗಳಿಗೂ ಪಂಪ್ ಒತ್ತಡದಲ್ಲೇ ಆಯಿಲ್ ಕೊಡುತ್ತದೆ. ಪಿಸ್ಟನ್‌ಗಳನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡುಗಳ ದಾರಿ ಮಾತ್ರ ಬೇರೆ. ಎಂಜಿನ್ ತಳದ ಆಯಿಲ್ ಚೇಂಬರಿನೊಳಗೆ ಪ್ರತಿ ರಾಡಿನ ಕೆಳಗೂ ಒಂದು ತೊಟ್ಟಿ ಇರುತ್ತದೆ, ರಾಡಿನ ಕ್ಯಾಪಿಗೆ ಸೌಟಿನಂತಹ ಡಿಪ್ಪರ್ ಇರುತ್ತದೆ. ಎಂಜಿನ್ ನಿಧಾನವಾಗಿ ಓಡುವಾಗ ಡಿಪ್ಪರ್ ತೊಟ್ಟಿಯಿಂದ ಆಯಿಲ್ ಮೊಗೆದುಕೊಳ್ಳುತ್ತದೆ; ವೇಗ ಹೆಚ್ಚಿದಾಗ ಪಕ್ಕದ ನಾಜಲ್‌ನಿಂದ ಚಿಮ್ಮುವ ಆಯಿಲ್ ನೇರವಾಗಿ ಡಿಪ್ಪರಿನ ಬಾಯಿಗೆ ಬಡಿದು ಬೇರಿಂಗಿನೊಳಕ್ಕೆ ನುಗ್ಗುತ್ತದೆ. ಡ್ಯಾಶ್‌ಬೋರ್ಡಿನ ಆಯಿಲ್ ಒತ್ತಡದ ಗೇಜು ಚದರ ಅಂಗುಲಕ್ಕೆ ಹದಿನಾಲ್ಕು ಹದಿನೈದು ಪೌಂಡಿಗಿಂತ ಮೇಲೇರದಿದ್ದರೆ ಗಾಬರಿಯಾಗುವ ಮಾಲೀಕರಿದ್ದಾರೆ. ಆ ಎಂಜಿನ್‌ಗೆ ಅಷ್ಟೇ ಸಹಜ. ಅಲ್ಲದೆ ಆ ಮುಳ್ಳು ಮೇನ್ ಗ್ಯಾಲರಿಯ, ಅಂದರೆ ಮುಖ್ಯ ಆಯಿಲ್ ಕಾಲುವೆಯ, ಒತ್ತಡವನ್ನು ತೋರಿಸುತ್ತದೆಯೇ ಹೊರತು, ರಾಡುಗಳಿಗೆ ಆಯಿಲ್ ತಲುಪುತ್ತಿದೆಯೇ ಇಲ್ಲವೇ ಎಂಬುದರ ಬಗ್ಗೆ ಏನನ್ನೂ ಹೇಳುವುದಿಲ್ಲ.

ಹಾಗಾದರೆ ರಾಡ್ ಬೇರಿಂಗ್ ಏಕೆ ಹೋಗುತ್ತದೆ? ನಾನು ಬಿಚ್ಚಿ ನೋಡಿದ ಎಂಜಿನ್‌ಗಳಲ್ಲಿ ಪದೇಪದೇ ಕಂಡದ್ದು ಬಗ್ಗಿದ ಡಿಪ್ಪರ್, ತಳಕ್ಕೆ ಕಲ್ಲು ತಗುಲಿ ಒಳಕ್ಕೆ ತಗ್ಗಿದ ಚೇಂಬರ್, ಕೆಸರು ಕಟ್ಟಿದ ನಾಜಲ್. ನಾಜಲ್ ಒಂದಿಷ್ಟು ಅತ್ತಿತ್ತ ತಿರುಗಿದರೂ ಆಯಿಲ್ ಧಾರೆ ಡಿಪ್ಪರನ್ನು ತಪ್ಪಿಸಿ ಹೋಗುತ್ತದೆ. ಅದಕ್ಕೆಂದೇ ಕಂಪನಿ ಆ ಕಾಲದಲ್ಲಿ ನಾಜಲ್‌ಗಳ ಗುರಿ ನೋಡುವ ಒಂದು ಬೇರೆ ಗೇಜನ್ನು ಕೊಡುತ್ತಿತ್ತು. ಅದನ್ನು ಚೇಂಬರಿನ ಮೇಲಿಟ್ಟು, ನಾಜಲ್‌ಗಳಲ್ಲಿ ನೀರು ಹಾಯಿಸಿ, ಧಾರೆ ಗುರಿಗೆ ಬೀಳುತ್ತದೆಯೇ ಎಂದು ನೋಡಬೇಕಿತ್ತು. ಇಂದು ಚೇಂಬರ್ ಬಿಚ್ಚಿದವರು ಅದನ್ನು ಡೀಸೆಲ್‌ನಲ್ಲಿ ತೊಳೆದು, ಹೊಸ ಪ್ಯಾಕಿಂಗ್ ಹಾಕಿ, ಹಾಗೆಯೇ ಮುಚ್ಚಿಬಿಡುತ್ತಾರೆ. ಇನ್ನೊಂದು ಕಾರಣ ಚಾಲನೆಯದು. ಈ ಎಂಜಿನ್ನಿನ ಪಿಸ್ಟನ್‌ಗಳು ಬೀಡುಕಬ್ಬಿಣದವು, ಬಹಳ ಭಾರ. ರಾಡಿನೊಳಗೆ ನೇರವಾಗಿ ಎರಕ ಹೊಯ್ದ ವೈಟ್ ಮೆಟಲ್ಲಿನ (ಬೇರಿಂಗಿಗೆ ಬಳಸುವ ಮೆತ್ತನೆಯ ಮಿಶ್ರಲೋಹ) ಮೇಲೆ ಆ ಭಾರವೆಲ್ಲ ಬೀಳುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಗಂಟೆಗೆ ನೂರು ಕಿ.ಮೀ. ವೇಗದಲ್ಲಿ ಬಿಡುವಿಲ್ಲದೆ ಓಡಿಸಿ, ಬಿಡದಿ ದಾಟುವಷ್ಟರಲ್ಲಿ ರಾಡ್ ಬಡಿಯತೊಡಗಿತೆಂದು ದೂರುವುದು ನ್ಯಾಯವಲ್ಲ. ಅರವತ್ತು, ಎಪ್ಪತ್ತರ ವೇಗದಲ್ಲಿ ಅದೇ ಎಂಜಿನ್ ದಿನವಿಡೀ ಓಡುತ್ತದೆ.

ಪೂರ್ಣ ಒತ್ತಡದ ವ್ಯವಸ್ಥೆ ಮೇಲಾದುದೆಂಬುದರಲ್ಲಿ ಸಂಶಯವಿಲ್ಲ. ಷೆವರ್ಲೆಯೇ 1953ರಲ್ಲಿ ಪವರ್‌ಗ್ಲೈಡ್ (ಆಟೊಮ್ಯಾಟಿಕ್ ಗೇರಿನ) ಕಾರುಗಳ 235 ಘನ ಅಂಗುಲದ ಎಂಜಿನ್‌ಗೂ ಮರುವರ್ಷ ಉಳಿದ ಕಾರುಗಳಿಗೂ ಅದನ್ನು ತಂದಿತು. ಆದರೆ ಅಲ್ಲಿ ಬದಲಾದದ್ದು ಆಯಿಲ್ ದಾರಿಯೊಂದೇ ಅಲ್ಲ, ಶೆಲ್ ಬೇರಿಂಗ್‌ಗಳು (ಬಿಡಿಯಾಗಿ ಕೂರಿಸಿ ಬದಲಿಸಬಹುದಾದ ತೆಳು ಲೋಹದ ಬೇರಿಂಗ್‌ಗಳು), ಅಲ್ಯೂಮಿನಿಯಂ ಪಿಸ್ಟನ್‌ಗಳು ಜೊತೆಯಲ್ಲೇ ಬಂದವು. 216ಕ್ಕೆ ಇದನ್ನು ಮಾಡಬೇಕಾದರೆ ಕ್ರ್ಯಾಂಕಿನ ಮೇನ್ ಜರ್ನಲ್‌ನಿಂದ (ಮೇನ್ ಬೇರಿಂಗಿನಲ್ಲಿ ಕೂರುವ ಭಾಗ) ಕ್ರ್ಯಾಂಕ್‌ಪಿನ್‌ಗೆ (ರಾಡು ಕೂರುವ ಭಾಗ) ಓರೆಯಾಗಿ ರಂಧ್ರ ಕೊರೆಯಬೇಕು, ರಂಧ್ರದ ಅಂಚನ್ನು ನಯಗೊಳಿಸಬೇಕು, ಒಳಗೆ ಉಳಿದ ಲೋಹದ ಚೂರನ್ನು ಒಂದೂ ಬಿಡದಂತೆ ತೆಗೆಯಬೇಕು, ನಾಜಲ್‌ಗಳಿಗೆ ಹೋಗುವ ಆಯಿಲ್ ನಿಲ್ಲಿಸಬೇಕು, ರಾಡುಗಳನ್ನು ಶೆಲ್ ಬೇರಿಂಗ್‌ಗೆ ಹೊಂದಿಸಬೇಕು, ಹೆಚ್ಚಿದ ಬೇಡಿಕೆಯನ್ನು ಪಂಪ್ ಪೂರೈಸುತ್ತದೆಯೇ ಎಂದು ನೋಡಬೇಕು. ಕೊರೆದ ಮೇಲೆ ಕ್ರ್ಯಾಂಕಿನಲ್ಲಿ ಕೂದಲೆಳೆಯ ಬಿರುಕಿದೆಯೇ ಎಂದು ಮ್ಯಾಗ್ನೆಟಿಕ್ ಪರೀಕ್ಷೆ ಮಾಡಿಸುವುದು ಕಡ್ಡಾಯ. ಇದನ್ನು ಬಿಟ್ಟುಬಿಡುವವರೇ ಹೆಚ್ಚು.

ಫಿಲ್ಟರ್ ವಿಷಯವೂ ಇದೆ. ಮೃದುವಾದ ವೈಟ್ ಮೆಟಲ್ ಸಣ್ಣಪುಟ್ಟ ಕಸವನ್ನು ತನ್ನೊಳಗೇ ಅದುಮಿಕೊಂಡು ಕ್ರ್ಯಾಂಕನ್ನು ಉಳಿಸುತ್ತದೆ. ಗಡಸು ಶೆಲ್ ಬೇರಿಂಗ್‌ಗೆ ಆ ಗುಣ ಅಷ್ಟಾಗಿ ಇಲ್ಲವಾದ್ದರಿಂದ, ಆಯಿಲ್ ಪೂರ್ತಿಯಾಗಿ ಫಿಲ್ಟರ್ ಮೂಲಕವೇ ಹಾಯುವಂತೆ ಮಾಡದೆ ಒತ್ತಡವನ್ನಷ್ಟೇ ಕೊಟ್ಟರೆ, ಕಸವನ್ನು ಬೇರಿಂಗಿನೊಳಕ್ಕೆ ಬಲವಂತವಾಗಿ ತಳ್ಳಿದಂತಾಗುತ್ತದೆ. ರಾಡುಗಳ ಅಂಚಿನಿಂದ ಸಿಡಿಯುವ ಆಯಿಲ್ ಹೆಚ್ಚಾಗುವುದರಿಂದ ಹಳೆಯ ರಿಂಗ್‌ಗಳು ಅದನ್ನು ತಡೆಯಲಾರದೆ ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಾಣಿಸುವುದೂ ಉಂಟು.

ಕಾನೂನಿನ ಮಾತನ್ನು ಲೇಖನ ಎತ್ತಿಯೇ ಇಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯ ಪ್ರಕಾರ ವಿಂಟೇಜ್ ನೋಂದಣಿ ಸಿಗುವುದು ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ, ಚಾಸಿ, ಬಾಡಿ, ಎಂಜಿನ್‌ಗಳ ಮಾರ್ಪಾಡೂ ಸೇರಿದಂತೆ ಗಣನೀಯ ಬದಲಾವಣೆಗೆ ಒಳಗಾಗದ ವಾಹನಕ್ಕೆ. ಕ್ರ್ಯಾಂಕ್ ಕೊರೆದು ರಾಡ್ ಬದಲಿಸುವುದು ದುರಸ್ತಿಯೋ ಮಾರ್ಪಾಡೋ? ಹೊರಗಿನಿಂದ ನೋಡಿದರೆ ಏನೂ ತಿಳಿಯದ ಈ ಕೆಲಸವನ್ನು ಪರಿಶೀಲನಾ ಸಮಿತಿ ಹೇಗೆ ಪರಿಗಣಿಸುತ್ತದೆಂಬುದನ್ನು ನಮ್ಮ ಸಾರಿಗೆ ಇಲಾಖೆ ಸ್ಪಷ್ಟಪಡಿಸಿದರೆ ಉಪಕಾರವಾದೀತು. ಅದೇ ನಿಯಮದಂತೆ ಇಂತಹ ಕಾರು ರಸ್ತೆಗಿಳಿಯಬಹುದಾದದ್ದು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ಹಾಗೂ ದುರಸ್ತಿಯಂತಹ ಕೆಲಸಗಳಿಗೆ ಮಾತ್ರ. ಇಷ್ಟು ಓಡಾಟಕ್ಕೆ ಮೂಲ ಎಂಜಿನ್ ಸಾಲದೆಂದು ಹೇಳುವುದು ಕಷ್ಟ.

ಇಷ್ಟಾದರೂ ವೇಗವೇ ಬೇಕೆನ್ನುವವರು ಮೂಲ ಎಂಜಿನ್ನನ್ನು ಹಾಗೆಯೇ ಜೋಪಾನವಾಗಿ ಎತ್ತಿಟ್ಟು, 1954ರ ನಂತರದ 235 ಎಂಜಿನ್ನನ್ನು ಕೂರಿಸಿಕೊಳ್ಳುವುದು ಲೇಸು. ಅದಕ್ಕೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಎಂಜಿನ್ ಸಂಖ್ಯೆ ತಿದ್ದಿಸಬೇಕಾಗುತ್ತದೆ, ವಿಂಟೇಜ್ ನೋಂದಣಿಯ ಪ್ರಶ್ನೆಯೂ ಏಳುತ್ತದೆ, ನಿಜ. ಆದರೆ ಬೇಡವೆನಿಸಿದ ದಿನ ಹಳೆಯದನ್ನು ಮತ್ತೆ ಕೂರಿಸಬಹುದು, ಕೊರೆದ ಕ್ರ್ಯಾಂಕನ್ನು ಮೊದಲಿನಂತೆ ಮಾಡಲಾಗದು. ಈಗಾಗಲೇ ಕೊರೆಸಿರುವವರು ತೆಗೆದ ರಾಡು, ಡಿಪ್ಪರ್, ನಾಜಲ್‌ಗಳನ್ನು ಗುಜರಿಗೆ ಹಾಕದೆ ಇಟ್ಟುಕೊಳ್ಳಲಿ, ಮಾಡಿದ ಕೆಲಸವನ್ನು ಅಳತೆಗಳ ಸಮೇತ ಬರೆದು ಕಾರಿನ ಕಾಗದಪತ್ರಗಳೊಂದಿಗೆ ಸೇರಿಸಲಿ. ಮುಂದೆ ಆ ಎಂಜಿನ್ ಬಿಚ್ಚುವ ಮೆಕ್ಯಾನಿಕ್‌ಗೆ ಒಳಗೆ ಯಾವ ಬೇರಿಂಗ್ ಇದೆಯೆಂಬುದಾದರೂ ಗೊತ್ತಿರಬೇಕಲ್ಲವೇ?

ಇತಿ ತಮ್ಮ ವಿಶ್ವಾಸಿ,
ಎಂಜಿನ್ ದುರಸ್ತಿಯ ಓದುಗ, ಮೈಸೂರು