ಹರಿದ ಹಾಳೆಯನ್ನೂ ಓದಿದ ಹುಡುಗಿ

ಕೊಪ್ಪಳ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡವ್ವ ಮಾಡುವ ಆಶೀರ್ವಾದಗಳು.

ಲಿಂಗಸುಗೂರು ತಾಲ್ಲೂಕಿನ ತಾಂಡಾ ಶಾಲೆಗೆ ಹಾಜರಾಗಿ, ಒಂದರಿಂದ ಮೂರನೇ ತರಗತಿಯವರೆಗಿನ 30 ಮಕ್ಕಳನ್ನು ಒಂದೇ ಕೋಣೆಯಲ್ಲಿ ವಹಿಸಿಕೊಂಡಿರುವುದಾಗಿಯೂ, ಎರಡು ತಿಂಗಳೊಳಗೆ ಎಲ್ಲರಿಗೂ ಕಾಗುಣಿತ ಮುಗಿಸಿಬಿಡುವುದಾಗಿಯೂ ಬರೆದಿರುವೆ. ಮೊದಲನೆಯ ಸುದ್ದಿಯಿಂದ ಸಂತೋಷವಾಯಿತು; ಎರಡನೆಯದಕ್ಕೆ ನನ್ನ ತಕರಾರಿದೆ.

ನೌಕರಿಯ ಮೊದಲ ವರ್ಷಗಳಲ್ಲಿ ನಾನೂ ಇದನ್ನೇ ಮಾಡಿದವಳು. ಇಡೀ ತರಗತಿ ‘ಕ, ಕಾ, ಕಿ, ಕೀ’ ಎಂದು ಒಂದೇ ರಾಗದಲ್ಲಿ ಒದರುವಾಗ ಹೊರಗೆ ಕಟ್ಟೆಯ ಮೇಲೆ ಕುಳಿತ ಹಿರಿಯರು ತಲೆದೂಗುತ್ತಿದ್ದರು, ನನಗೂ ಹಿಗ್ಗಾಗುತ್ತಿತ್ತು. ಒಂದು ದಿನ ಎರಡನೇ ತರಗತಿಯ ಹುಡುಗಿಯೊಬ್ಬಳು ಸಾಲಿನ ಮೇಲೆ ಬೆರಳಾಡಿಸುತ್ತ ಪಾಠವನ್ನು ಒಂದೂ ತಪ್ಪಿಲ್ಲದೆ ಓದಿ, ಹಾಳೆ ತಿರುವಿ, ಮುಂದಿನದನ್ನೂ ಸರಾಗವಾಗಿ ಓದಿದಳು. ಹತ್ತಿರ ಹೋಗಿ ನೋಡಿದರೆ ಆ ಮುಂದಿನ ಹಾಳೆ ಅವಳ ಪುಸ್ತಕದಿಂದ ಹರಿದುಹೋಗಿತ್ತು. ಬೆರಳು ಓಡಾಡುತ್ತಿದ್ದದ್ದು ಬೇರೆಯದೇ ಪಾಠದ ಮೇಲೆ. ಅವಳ ನೆನಪು ಚುರುಕಾಗಿತ್ತು, ಓದು ಇನ್ನೂ ಹುಟ್ಟಿರಲಿಲ್ಲ, ಮತ್ತು ಅವಳು ಓದುತ್ತಾಳೆಂದು ನಾನು ವರ್ಷಪೂರ್ತಿ ನಂಬಿದ್ದೆ.

ಕಾಗುಣಿತದ ಹೊರೆಯನ್ನು ಒಮ್ಮೆ ಲೆಕ್ಕ ಹಾಕಿ ನೋಡು. 34 ವ್ಯಂಜನಗಳಿಗೆ 13 ಸ್ವರಗಳು ಕೂಡಿದರೆ 442 ರೂಪಗಳಾಗುತ್ತವೆ, ಒತ್ತಕ್ಷರಗಳು ಇನ್ನೂ ಬೇರೆ. ಕೊಂಬು ಎಲ್ಲ ಅಕ್ಷರಗಳಿಗೂ ಪಕ್ಕದಲ್ಲಿ ಬರುತ್ತದೆ ಎಂದು ಮಗು ಕಲಿತ ಮರುದಿನವೇ ‘ಪು’, ‘ವು’ ಎದುರಾಗಿ ಅಲ್ಲಿ ಅದು ಕೆಳಗಿನಿಂದ ಹೊರಡುತ್ತದೆ. ‘ಸೂರ್ಯ’ ಎಂಬಲ್ಲಿ ಅರ್ಕಾವತ್ತನ್ನು ‘ಯ’ ಆದ ಮೇಲೆ ಬರೆಯುತ್ತೇವೆ, ಆದರೆ ಅದಕ್ಕಿಂತ ಮೊದಲೇ ಉಚ್ಚರಿಸುತ್ತೇವೆ. ಇದನ್ನು ಆರು ವರ್ಷದ ಮಗು ಹೇಗೆ ಊಹಿಸೀತು? ಕನ್ನಡದ ಮಕ್ಕಳ ಓದನ್ನು ಕುರಿತು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಅಕ್ಷರಜ್ಞಾನವು ಮೊದಲೆರಡು ವರ್ಷಗಳಲ್ಲಿ ಮುಗಿಯುವ ಕೆಲಸವಲ್ಲ ಎಂಬುದನ್ನೇ ತೋರಿಸಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ, ಕಾರ್ಡುಗಳ ಮೂಲಕ ಆಡುತ್ತ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ವರ್ಣಮಾಲೆಯ ಕ್ರಮವನ್ನು ಬಿಟ್ಟು ‘ರ, ಗ, ಸ, ದ, ಅ’ ಎಂದು ಶುರುಮಾಡುವುದು ಸುಮ್ಮನೆ ಅಲ್ಲ. ಆಕಾರ ಸುಲಭ, ಜೊತೆಗೆ ಈ ಐದರಿಂದಲೇ ‘ಅರಸ’, ‘ಸರ’, ‘ಗರಗಸ’ ಎಂದು ಅರ್ಥವುಳ್ಳ ಪದಗಳು ಮೊದಲ ವಾರದಲ್ಲೇ ಕೈಗೆ ಬರುತ್ತವೆ. ಆ ಕಾರ್ಡುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಬೇಡ. ಹರಿದರೆ ಹರಿಯಲಿ.

ಆದರೆ ಕಾರ್ಡಿಗಿಂತ ಹೆಚ್ಚಾಗಿ ನಾನು ನೆಚ್ಚಿದ್ದು ಮಕ್ಕಳ ಬಾಯಿಂದ ಬಂದ ಮಾತನ್ನು. ಯಾರಾದರೂ ‘ನಮ್ಮ ಆಡು ಮರಿ ಹಾಕೈತಿ’ ಎಂದರೆ ಹೇಳಿದ ಹಾಗೆಯೇ ಹಲಗೆಯ ಮೇಲೆ ಬರೆದು, ಒಂದೊಂದು ಪದದ ಕೆಳಗೂ ಕೋಲಿಟ್ಟು ನಿಧಾನವಾಗಿ ಓದು, ಅವರೂ ಓದಲಿ. ಬಳಿಕ ಅದನ್ನು ಕಾಗದದ ಪಟ್ಟಿಯ ಮೇಲೆ ಬರೆದು, ಪದಗಳಾಗಿ ಕತ್ತರಿಸಿ, ಕಲಸಿ, ಮತ್ತೆ ಜೋಡಿಸಲು ಕೊಡು. ‘ಮರಿ’ಯಲ್ಲಿರುವ ಮೊದಲ ಅಕ್ಷರ ‘ನಮ್ಮ’ದಲ್ಲಿ ಎಲ್ಲಿದೆ ಎಂದು ಹುಡುಕಿಸು, ಕೆಳಗೆ ಬೇರೆ ವೇಷದಲ್ಲಿ ಕೂತಿರುವ ‘ಮ’ ಒತ್ತನ್ನು ಕಂಡುಹಿಡಿದ ಮಗುವಿಗೆ ಅದನ್ನು ನೀನು ಮತ್ತೆ ಕಲಿಸಬೇಕಾಗಿಲ್ಲ. ಪಕ್ಕದಲ್ಲಿ ‘ಹಾಕಿದೆ’ ಎಂಬ ಪುಸ್ತಕದ ರೂಪವನ್ನೂ ಬರೆ, ಆದರೆ ಮೊದಲನೆಯದನ್ನು ಅಳಿಸಬೇಡ.

ನಿನ್ನ ಮಕ್ಕಳ ಮನೆಮಾತು ಲಂಬಾಣಿ. ಅವರಿಗೆ ತಾಯಿ ಎಂದರೆ ‘ಯಾಡಿ’, ನೀರು ಎಂದರೆ ‘ಪಾಣಿ’. ಈ ಪದಗಳನ್ನೂ ಕನ್ನಡ ಅಕ್ಷರಗಳಲ್ಲಿಯೇ ಬರೆದು ಗೋಡೆಗೆ ಅಂಟಿಸು. ತನ್ನ ಮಾತು ಅಕ್ಷರವಾಗಿ ಕಾಣುವುದೆಂದು ತಿಳಿದ ಮಗು ಓದಿಗೆ ಹೆದರುವುದಿಲ್ಲ. ನಿನಗೆ ತಿಳಿಯದ ಪದಗಳನ್ನು ಬಿಸಿಯೂಟದ ಅಡುಗೆಯಾಕೆಯನ್ನು ಕೇಳು. ನಾನು ಹಾಗೆಯೇ ಕಲಿತೆ, ಮತ್ತು ನನ್ನ ಉಚ್ಚಾರಣೆ ಕೇಳಿ ಮಕ್ಕಳು ಹೊಟ್ಟೆ ಹಿಡಿದು ನಕ್ಕರು.

ತಪ್ಪು ತಿದ್ದುವಾಗ ಯಾವ ತಪ್ಪು ಎಂಬುದನ್ನು ನೋಡು. ‘ಮನೆ’ ಎಂದು ಬರೆದಿರುವುದನ್ನು ಮಗು ‘ಮನಿ’ ಎಂದು ಓದಿದರೆ ಅದು ಅರ್ಥ ಮಾಡಿಕೊಂಡು ನಮ್ಮ ಸೀಮೆಯ ಮಾತಿನಲ್ಲಿ ಓದಿದೆ, ಸುಮ್ಮನಿರು. ‘ಮೆನ’ ಎಂದು ಓದಿದರೆ ಏತ್ವ ಎಲ್ಲಿದೆ ಎಂಬುದು ಅದಕ್ಕೆ ಗೊತ್ತಾಗಿಲ್ಲ, ಅಲ್ಲಿ ನಿಲ್ಲು. ಎರಡಕ್ಕೂ ಕೆಂಪು ಗೆರೆ ಎಳೆಯುವವರನ್ನು ಕಂಡರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಇದೆಲ್ಲ ಗೊತ್ತಾಗಬೇಕಾದರೆ ಒಬ್ಬೊಬ್ಬರ ಓದನ್ನೂ ಬೇರೆಬೇರೆಯಾಗಿ ಕೇಳಬೇಕು. ದಿನಕ್ಕೆ 5 ಮಕ್ಕಳಂತೆ ಕೇಳಿದರೆ ಶನಿವಾರದ ಹೊತ್ತಿಗೆ 30 ಮಂದಿಯೂ ಮುಗಿಯುತ್ತಾರೆ. ಒಬ್ಬರಿಗೆ ಮೂರು ನಿಮಿಷ ಸಾಕು. ಚಿತ್ರವನ್ನು ಅಂಗೈಯಿಂದ ಮುಚ್ಚು, ನಡುವಿನ ಒಂದು ಪದವನ್ನು ತೋರಿಸಿ ಕೇಳು, ಎಲ್ಲಿ ತಡವರಿಸಿದರು ಎಂದು ನಿನ್ನದೇ ವಹಿಯಲ್ಲಿ ಬರೆದಿಡು. ಆ ಹೊತ್ತಿನಲ್ಲಿ ಉಳಿದವರು ತಾವೇ ಮಾಡಬಲ್ಲ ಕೆಲಸದಲ್ಲಿರಲಿ, ಓದಬಲ್ಲ ಮೂರನೆಯವರು ಒಂದನೆಯವರಿಗೆ ಕಥೆ ಓದಿ ಹೇಳಲಿ. ಎಳೆಯ ಮಕ್ಕಳ ಓದು-ಲೆಕ್ಕಕ್ಕಾಗಿ ಕೇಂದ್ರ ಸರ್ಕಾರ ತಂದ ನಿಪುಣ್ ಭಾರತ್ ಯೋಜನೆ 2021ರ ಜುಲೈನಲ್ಲಿ ಬಂದ ಮೇಲೆ ಮೂರನೇ ತರಗತಿಯ ಕೊನೆಗೆ ಮಗು ಅರ್ಥಸಹಿತ ಓದಬೇಕೆಂಬ ಗುರಿ ಎಲ್ಲರ ಬಾಯಲ್ಲಿದೆ; ಮೇಲಿನವರು ಅಂಕಿ ಕೇಳಿದಾಗ ಆ ವಹಿಯನ್ನು ನೋಡಿಯೇ ಕೊಡು, ಅಂದಾಜಿನಿಂದ ಕೊಡಬೇಡ.

ಇನ್ನೊಂದು ಮಾತು. ಹತ್ತಿ ಬಿಡಿಸುವ ಕಾಲ ಬಂದಾಗ ನಿನ್ನ ತರಗತಿ ತೆಳ್ಳಗಾಗುತ್ತದೆ, ಕೆಲವರು ತಂದೆತಾಯಿಯ ಜೊತೆ ಗುಳೆ ಹೋಗುತ್ತಾರೆ. ಹೋಗುವ ಮಗುವಿನ ಚೀಲದಲ್ಲಿ ಓದಲು ಬರುವಂಥ ಎರಡು ತೆಳು ಕಥೆಪುಸ್ತಕ ಇಟ್ಟು ಕಳಿಸು. ಅದು ತಿರುಗಿ ಬಂದಾಗ ಹಾಜರಿಯ ಬಗ್ಗೆ ಬೈಯದೆ, ವಹಿ ತೆಗೆದು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಹಿಡಿದುಕೋ.

ದಸರಾ ರಜೆಗೆ ಕೊಪ್ಪಳಕ್ಕೆ ಬರುವಾಗ ಆ ವಹಿಯನ್ನೂ ಮೂವರು ಮಕ್ಕಳು ತಾವೇ ಬರೆದ ಹಾಳೆಗಳನ್ನೂ ತಿದ್ದದೆ ತೆಗೆದುಕೊಂಡು ಬಾ. ಕೂತು ನೋಡೋಣ.

ಇಂತಿ ನಿನ್ನ,
ದೊಡ್ಡವ್ವ