ಮರಳಿ ಬಂದ ಕತೆಯ ಮುಂದೆ ಕುಳಿತು

ಧಾರವಾಡ

ಪ್ರೀತಿಯ ತಂಗಿಗೆ ಆಶೀರ್ವಾದಗಳು.

ಬ್ಯಾಡಗಿಯಿಂದ ನೀನು ಬರೆದ ಪತ್ರವೂ ಅದರೊಡನೆ ಇಟ್ಟ ಕತೆಯೂ ತಲುಪಿದವು. ಈ ವರ್ಷ ದಿನಕ್ಕೊಂದು ಪುಟದಂತೆ ಮೂರು ನೋಟುಬುಕ್ಕು ತುಂಬ ಬರವಣಿಗೆಯ ಅಭ್ಯಾಸ ಮಾಡಿರುವುದಾಗಿಯೂ, ಪತ್ರಿಕೆಗಳಿಗೆ ಕಳಿಸಿದ ಐದು ಕತೆಗಳಲ್ಲಿ ಒಂದು ಮಾತ್ರ ಅಚ್ಚಾಗಿರುವುದಾಗಿಯೂ ಲೆಕ್ಕ ಕೊಟ್ಟಿರುವೆ. ಇಷ್ಟು ದುಡಿದರೂ ಫಲ ಇಷ್ಟೇ ಏಕೆ ಎಂದು ಕೇಳಿರುವೆ. ದುಡಿಮೆ ಕಡಿಮೆಯಾಗಿಲ್ಲ. ನಿನ್ನ ಅಭ್ಯಾಸ ಒಂದು ದಾರಿ ಹಿಡಿದಿದೆ, ನಿನ್ನ ಕತೆ ಇನ್ನೊಂದು ದಾರಿ ಹಿಡಿದಿದೆ. ನನಗೆ ಕಂಡ ತೊಂದರೆ ಅದೇ. ಮಳೆ, ಸಂಜೆ, ಒಂಟಿ ಮರ ಎಂದು ಎಲ್ಲಿಂದಲೋ ಸಿಕ್ಕ ವಿಷಯಗಳ ಮೇಲೆ ಪುಟ ತುಂಬಿಸುವುದನ್ನು ಸ್ವಲ್ಪ ದಿನ ಬಿಡು. ಮರಳಿ ಬಂದ ಕತೆ ಎಲ್ಲಿ ಸೋತಿದೆಯೋ ಆ ಜಾಗವನ್ನೇ ಮುಂದಿನ ಅಭ್ಯಾಸವಾಗಿ ಮಾಡಿಕೊ.

ಈಗ ಕಳಿಸಿದ ಕತೆಯನ್ನೇ ನೋಡು. ಮೆಣಸಿನಕಾಯಿಯ ತೊಟ್ಟು ಬಿಡಿಸುವ ತಾಯಿ ಅದರಲ್ಲಿ ‘ನನ್ನ ಕೈಗಳು ಉರಿಯುತ್ತಿವೆ, ಆದರೂ ಮಗಳ ಓದಿಗಾಗಿ ನಾನು ದುಡಿಯಲೇಬೇಕು’ ಎನ್ನುತ್ತಾಳೆ. ನಿಮ್ಮೂರಿನ ಯಾವ ತಾಯಿಯೂ ಹೀಗೆ ಮಾತನಾಡಿದ್ದನ್ನು ನೀನು ಕೇಳಿರಲಾರೆ. ಆದರೆ ಎರಡು ಪುಟ ದಾಟಿದ ಮೇಲೆ, ನೀನು ಗಮನಿಸದೆ ಬರೆದಂತಿರುವ ಒಂದು ಸಾಲು ಇದೆ: ಸಂಜೆ ಮನೆಗೆ ಬಂದಾಗ ಕೂಸು ಅಳುತ್ತಿದೆ, ಆಕೆ ಎತ್ತಿಕೊಳ್ಳದೆ ಹಿರಿಯ ಮಗಳಿಗೆ ‘ಅದರ ಮಾರಿ ನೀನ ಒರಸವಾ, ನನ್ನ ಕೈ ಖಾರ ಅದಾವು’ ಎನ್ನುತ್ತಾಳೆ. ಅಲ್ಲಿ ನಾನು ಓದುವುದನ್ನು ನಿಲ್ಲಿಸಿ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತೆ. ತನ್ನ ಕೂಸಿನ ಕಣ್ಣೊರೆಸಲು ಆಗದ ಕೈ ಕಂಡ ಮೇಲೆ, ಓದು, ದುಡಿಮೆ, ತ್ಯಾಗ ಎಂಬ ಮಾತುಗಳು ಆ ಕತೆಗೆ ಬೇಕಾಗಿಲ್ಲ. ಮೊದಲಿನ ಸಾಲನ್ನು ಹೊಡೆದುಹಾಕಿ, ಈ ಸಾಲಿನ ಸುತ್ತ ಆ ಸಂಜೆಯನ್ನು ಮೂರು ಸಲ ಬರೆ: ಒಮ್ಮೆ ತಾಯಿಯ ಕಡೆಯಿಂದ, ಒಮ್ಮೆ ಕೂಸನ್ನು ಎತ್ತಿಕೊಂಡ ಹುಡುಗಿಯ ಕಡೆಯಿಂದ, ಒಮ್ಮೆ ಬರೀ ಮಾತುಗಳಲ್ಲಿ. ಮೂರರಲ್ಲಿ ಎರಡನ್ನು ಯಾರಿಗೂ ತೋರಿಸಬೇಕಾಗಿಲ್ಲ. ಆ ಹುಡುಗಿಯ ಕಡೆಯಿಂದ ಬರೆದದ್ದೇ ಉಳಿಯಬಹುದು ಎಂದು ನನ್ನ ಊಹೆ, ಏಕೆಂದರೆ ನಿನ್ನ ಮನಸ್ಸು ಇಡೀ ಕತೆಯಲ್ಲಿ ಅವಳ ಕಡೆಗೇ ಇದೆ.

ನಾನು ನಿನ್ನ ವಯಸ್ಸಿನಲ್ಲಿ ಧಾರವಾಡದಿಂದ ಹುಬ್ಬಳ್ಳಿಗೆ ದಿನವೂ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಮುಂದಿನ ಸೀಟಿನವರು ಆಡಿದ ಮಾತನ್ನು ರಾತ್ರಿ ನೆನಪಿನಿಂದ ಬರೆದು, ಅವರು ಹೇಳದೆ ಬಿಟ್ಟದ್ದು ಯಾವುದಿರಬಹುದು ಎಂದು ಅದರ ಪಕ್ಕದ ಪುಟದಲ್ಲಿ ಬರೆಯುತ್ತಿದ್ದೆ. ಸಂಭಾಷಣೆ ಬರೆಯುವುದನ್ನು ನನಗೆ ಕಲಿಸಿದ್ದು ಆ ಪಕ್ಕದ ಪುಟ. ಬರೆದದ್ದನ್ನು ಗಟ್ಟಿಯಾಗಿ ಓದು. ನಾಲಿಗೆ ಎಡವಿದ ಕಡೆ ಗುರುತು ಹಾಕು.

ಇನ್ನು ನಿನ್ನ ಕತೆ ಓದಿ ಅಭಿಪ್ರಾಯ ಹೇಳುವವರ ಮಾತು. 1933ರಲ್ಲಿ ಜಿ.ಬಿ. ಜೋಶಿಯವರು ಇದೇ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನ ಸಂಸ್ಥೆಯನ್ನು ಆರಂಭಿಸಿದರು. ಅದರ ‘ಅಟ್ಟ’ದಲ್ಲಿ ಲೇಖಕರು ಸೇರಿ ಸಾಹಿತ್ಯ ಚರ್ಚೆ ನಡೆಸುತ್ತಿದ್ದರು, ಗದಗಿನಿಂದ ಬಂದ ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಅದಕ್ಕೆ ಸಲಹೆಗಾರರಾಗಿದ್ದರು. ನಿನಗೆ ಅಂಥ ಅಟ್ಟ ಸಿಗದಿರಬಹುದು, ಆದರೆ ಮುಲಾಜಿಲ್ಲದೆ ‘ಇಲ್ಲಿ ನನಗೆ ಬೇಸರ ಬಂತು’ ಎನ್ನುವ ಒಬ್ಬ ಓದುಗರನ್ನಾದರೂ ಹುಡುಕಿಕೊ. ಹೊಗಳುವ ಗೆಳತಿಯರಿಗೆ ಕತೆ ಅಚ್ಚಾದ ಮೇಲೆ ಕೊಡು.

ಪ್ರಕಟಣೆಯ ವಿಷಯದಲ್ಲಿ ನಿನ್ನ ಅವಸರ ನನಗೆ ಅರ್ಥವಾಗುತ್ತದೆ. ಒಂದು ವಹಿ ಇಟ್ಟು ಕತೆಯ ಹೆಸರು, ಪದಗಳ ಸಂಖ್ಯೆ, ಎಲ್ಲಿಗೆ ಯಾವ ದಿನ ಕಳಿಸಿದೆ, ಏನು ಉತ್ತರ ಬಂತು ಎಂದು ಬರೆದಿಡು. ಕೊನೆಯ ಕಾಲಮ್ಮಿನಲ್ಲಿ, ಮರಳಿ ಬಂದ ಕತೆಯನ್ನು ಓದಿದಾಗ ನಿನಗೇ ಕಂಡ ದೋಷವನ್ನು ಬರೆ. ನಿನ್ನ ಅಭ್ಯಾಸದ ಪಟ್ಟಿ ಅಲ್ಲಿಯೇ ಸಿದ್ಧವಾಗುತ್ತದೆ. ಒಂದೇ ಕತೆಯನ್ನು ಒಂದೇ ಕಾಲಕ್ಕೆ ಎರಡು ಕಡೆ ಕಳಿಸಬೇಡ. ಸಾಪ್ತಾಹಿಕ ಪುರವಣಿಯ ಪದಮಿತಿಗೂ ದೀಪಾವಳಿ ವಿಶೇಷಾಂಕದ ಸ್ಪರ್ಧೆಯ ಪದಮಿತಿಗೂ ಅಂತರವಿರುತ್ತದೆ. ಮಿತಿಗೆ ಹೊಂದಲಿ ಎಂದು ಕತೆಯ ಕೈಕಾಲು ಕತ್ತರಿಸುವುದಕ್ಕಿಂತ ಅದಕ್ಕೆ ಒಪ್ಪುವ ಜಾಗ ಹುಡುಕುವುದು ಮೇಲು. ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದನ್ನು ಯೂನಿಕೋಡ್‌ಗೆ ಬದಲಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಿಯೇ ಕಳಿಸು.

ಸಂಕಲನದ ಮಾತು ಈಗಲೇ ಬೇಡ. ನೀನೇ ಮತ್ತೆ ಓದಲು ಬಯಸುವ ಹತ್ತು ಕತೆಗಳಾದಾಗ ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನಕ್ಕಾಗಿ ಹೊರಡಿಸುವ ಪ್ರಕಟಣೆಯನ್ನು ನೋಡಿ ಅರ್ಜಿ ಹಾಕು. ಪ್ರಕಾಶಕರು ಸಿಕ್ಕರೆ ಕಾಗದವನ್ನು ಓದದೆ ಸಹಿ ಮಾಡಬೇಡ. ನನ್ನ ಮೊದಲ ಸಂಕಲನದ ಹೊತ್ತಿಗೆ, ಪುಸ್ತಕ ಬರುವ ಸಂತೋಷದಲ್ಲಿ, ಎಲ್ಲ ಹಕ್ಕುಗಳೂ ಕಾಯಂ ಆಗಿ ಅವರವು ಎಂಬ ಒಂದೇ ಸಾಲಿನ ಪತ್ರಕ್ಕೆ ನಾನು ಸಹಿ ಹಾಕಿದೆ. ಮುಂದೆ ಅದು ಮರುಮುದ್ರಣವಾದ ಸುದ್ದಿ ನನಗೆ ಅಂಗಡಿಯಲ್ಲಿ ತಿಳಿಯಿತು. ಆ ದಿನದ ಸಂಕಟ ಈಗಲೂ ಹೋಗಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಬರಹದ ಹಕ್ಕು ಲೇಖಕರ ಜೀವಿತಾವಧಿಗೂ ಅನಂತರದ 60 ವರ್ಷಕ್ಕೂ ಇರುತ್ತದೆ. ಹಕ್ಕು ಬರೆದುಕೊಡುವ ಪತ್ರದಲ್ಲಿ ಅವಧಿ ಹೇಳದಿದ್ದರೆ ಅದನ್ನು 5 ವರ್ಷ ಎಂದು ಎಣಿಸುತ್ತಾರೆ. ಆದ್ದರಿಂದ ಅವಧಿ, ಪ್ರತಿಗಳ ಸಂಖ್ಯೆ, ಗೌರವಧನ, ಅನುವಾದದ ಹಕ್ಕು ಇವು ನಾಲ್ಕನ್ನೂ ಬರೆಸಿಕೊ, ಸಂಕೋಚಪಡಬೇಡ.

ನಿಮ್ಮಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಪೇಟೆ ನಡೆಯುತ್ತದೆಯಲ್ಲ, ಬರುವ ಗುರುವಾರ ಪ್ರಾಂಗಣದಲ್ಲಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಹತ್ತಿರ ಒಂದು ತಾಸು ಕುಳಿತು ಬಾ. ನೋಟುಬುಕ್ಕು ಒಯ್ಯಬೇಡ. ಕೆಲಸ ಮುಗಿಸಿ ಏಳುವಾಗ ಅವರು ಕೈಯನ್ನು ಏನು ಮಾಡುತ್ತಾರೆ ಎಂಬುದನ್ನಷ್ಟೇ ನೋಡಿ, ರಾತ್ರಿ ಒಂದು ಪುಟ ಬರೆದು ನನಗೆ ಕಳಿಸು.

ನಿನ್ನ ಅಕ್ಕ